ಭಾನುವಾರ ಮುಗಿದ ಮೇಲೆ ಸಭೆಯ ಕೆಲಸ ಏನು?

ದಾವಣಗೆರೆಯಲ್ಲಿ ಚರ್ಚು ಅಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಕ್ರಿಸ್‌ಮಸ್ ಗೋದಲಿ ಮತ್ತು ಇಂಗ್ಲಿಷ್ ಮೀಡಿಯಂ ಶಾಲೆ. ಸ್ವಲ್ಪ ಹತ್ತಿರದಿಂದ ನೋಡಿದವರು ಇನ್ನೊಂದು ಮಾತು ಸೇರಿಸುತ್ತಾರೆ: ಚರ್ಚಿನವರು ಬಡವರಿಗೆ ಸಹಾಯ ಮಾಡುತ್ತಾರೆ. ಅಲ್ಲಿಂದ ಮುಂದೆ ಮಾತು ಎರಡು ದಾರಿ ಹಿಡಿಯುತ್ತದೆ. ಕೆಲವರು "ಒಳ್ಳೆಯ ಜನ" ಎನ್ನುತ್ತಾರೆ. ಕೆಲವರು "ಸುಮ್ನೆ ಯಾರು ಮಾಡ್ತಾರೆ, ಏನೋ ಉದ್ದೇಶ ಇದ್ದೇ ಇರುತ್ತೆ" ಎನ್ನುತ್ತಾರೆ.

ಸಭೆಯ, ಅಂದರೆ ಚರ್ಚಿಗೆ ಸೇರಿದ ಕ್ರೈಸ್ತರ ಕೂಟದ, ಒಳಗೂ ಒಂದೇ ಅಭಿಪ್ರಾಯ ಇಲ್ಲ. "ನಮ್ಮ ಕೆಲಸ ದೇವರ ವಾಕ್ಯ ಸಾರುವುದು, ಊಟ ಕೊಡೋದಕ್ಕೆ ಸರ್ಕಾರ ಇದೆ" ಎನ್ನುವ ಹಿರಿಯರಿದ್ದಾರೆ. "ಮೊದಲು ನಮ್ಮ ಸಭೆಯ ಬಡವರನ್ನು ನೋಡೋಣ, ಆಮೇಲೆ ಊರು" ಎನ್ನುವವರೂ ಇದ್ದಾರೆ. ಈ ಎರಡೂ ಮಾತನ್ನು ಕಮಿಟಿ ಮೀಟಿಂಗಿನಲ್ಲಿ ಕೇಳದ ಸಭೆ ಇರಲಿಕ್ಕಿಲ್ಲ.

ಹಾಗಾದರೆ ಕ್ರೈಸ್ತ ಸಭೆಗೆ ಊರಿನ ಸೇವೆ ಮಾಡು ಎಂಬ ಕರೆ ನಿಜವಾಗಿ ಎಲ್ಲಿಂದ ಬಂತು? ಅದರಲ್ಲಿ ಏನೇನು ಸೇರುತ್ತದೆ, ಏನು ಸೇರುವುದಿಲ್ಲ? ನಾನು ಇದನ್ನು ಅರ್ಥ ಮಾಡಿಕೊಂಡಿರುವುದು ಹೀಗೆ: ಸೇವೆ ಮಾಡುವ ಮೊದಲು ಕೇಳಬೇಕು, ಮಾಡಿದ ಮೇಲೆ ಏನನ್ನೂ ಕೇಳಬಾರದು. ಮೊದಲನೆಯ ಕೇಳುವುದು ಎದುರಿಗಿರುವವರಿಗೆ ಏನು ಬೇಕು ಎಂದು. ಎರಡನೆಯದು ಪ್ರತಿಫಲ. ಬೈಬಲ್ಲನ್ನೂ ಸಭೆಯ ಚರಿತ್ರೆಯನ್ನೂ ಇಟ್ಟುಕೊಂಡು ನೋಡಿದರೆ ಈ ಎರಡು ಮಾತು ಮತ್ತೆ ಮತ್ತೆ ಎದುರಾಗುತ್ತವೆ.

ಯೇಸು ಕೇಳಿದ ಪ್ರಶ್ನೆ

ಯೆರಿಕೋ ಊರಿನ ಹೊರಗೆ ಬಾರ್ತಿಮಾಯ ಎಂಬ ಕುರುಡ ಭಿಕ್ಷೆ ಬೇಡುತ್ತ ಕೂತಿದ್ದ. ಯೇಸು ಹೋಗುತ್ತಿರುವುದು ಗೊತ್ತಾಗಿ ಕೂಗಿದ. ಜನ ಸುಮ್ಮನಿರು ಎಂದು ಗದರಿಸಿದರು. ಯೇಸು ನಿಂತು ಅವನನ್ನು ಕರೆಸಿ ಕೇಳಿದ್ದು ಇಷ್ಟು: ನಾನು ನಿನಗೆ ಏನು ಮಾಡಬೇಕು? ಕುರುಡನಿಗೆ ಏನು ಬೇಕು ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು ಅಲ್ವಾ? ಆದರೂ ಕೇಳಿದರು. ಇಡೀ ಊರು ಬಾಯಿ ಮುಚ್ಚಿಸಲು ಹೊರಟವನ ಬಾಯಿಂದಲೇ ಅವನ ಬೇಡಿಕೆ ಬರಲಿ ಎಂದು ಕಾದರು. ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಇದು ಬರುತ್ತದೆ. ನನಗೆ ಸೇವೆಯ ಪಾಠ ಶುರುವಾಗುವುದೇ ಇಲ್ಲಿಂದ.

ಒಳ್ಳೆಯ ಸಮಾರ್ಯದವನ ಕಥೆ ಎಲ್ಲರಿಗೂ ಗೊತ್ತು. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಯಾಜಕ ನೋಡಿ ದಾಟಿ ಹೋದ, ದೇವಾಲಯದ ಸೇವೆಯ ಕುಲದವನಾದ ಲೇವಿಯೂ ದಾಟಿ ಹೋದ. ಯೆಹೂದ್ಯರಿಗೆ ಆಗದ ಸಮಾರ್ಯದವನು ನಿಂತ. ಈ ಕಥೆಯನ್ನು ಪ್ರಸಂಗದಲ್ಲಿ ಕೇಳುವಾಗ ಕರುಣೆಯ ಮಾತು ಬರುತ್ತದೆ, ಲೆಕ್ಕದ ಮಾತು ಬರುವುದಿಲ್ಲ. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ. ಮಾರನೆಯ ದಿನ ಎರಡು ಬೆಳ್ಳಿ ನಾಣ್ಯ ಕೊಟ್ಟ. ಆಗ ಒಂದು ನಾಣ್ಯ ಒಂದು ದಿನದ ಕೂಲಿ. ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದು ಛತ್ರದವನಿಗೆ ಮಾತು ಕೊಟ್ಟ. ಪ್ರಥಮ ಚಿಕಿತ್ಸೆ, ಸಾಗಾಟ, ಆರೈಕೆ, ಮುಂದಿನ ಖರ್ಚಿನ ಹೊಣೆ ಎಲ್ಲ ಇದರಲ್ಲಿದೆ. ಗಾಯಗೊಂಡವನಿಂದ ಏನನ್ನು ಬಯಸಿದ ಎಂದು ಹುಡುಕಿದರೆ ಒಂದು ಮಾತೂ ಸಿಗುವುದಿಲ್ಲ.

ಮತ್ತಾಯನ 25ನೇ ಅಧ್ಯಾಯ ಇದಕ್ಕಿಂತ ಖಾರವಾಗಿದೆ. ಅಲ್ಲಿ ಕಡೆಯ ತೀರ್ಪಿನ ದಿನ ರಾಜನು ಕೇಳುವುದು ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆ ಇಲ್ಲದವರು, ರೋಗಿಗಳು, ಸೆರೆಯಲ್ಲಿದ್ದವರ ಬಗ್ಗೆ. ಅವರಿಗೆ ಮಾಡಿದ್ದು ನನಗೇ ಮಾಡಿದ್ದು ಎನ್ನುತ್ತಾನೆ. ಒಳ್ಳೆಯದು ಮಾಡಿದವರೂ "ನಾವು ಯಾವಾಗ ಮಾಡಿದೆವು?" ಎಂದು ಕೇಳುತ್ತಾರೆ. ಅವರಿಗೆ ತಾವು ಮಾಡಿದ್ದರ ಲೆಕ್ಕವೇ ಇರಲಿಲ್ಲ. ಕೆಲಸ ಮಾಡಿ ಮರೆತಿದ್ದರು.

ಇನ್ನು ಕಾಲು ತೊಳೆದ ರಾತ್ರಿ. ಯೋಹಾನನ 13ನೇ ಅಧ್ಯಾಯದ ಪ್ರಕಾರ ಯೇಸು ಊಟದ ನಡುವೆ ಎದ್ದು ಸೊಂಟಕ್ಕೆ ಕೈಪಾವಡ (ಟವೆಲ್) ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರು. ಯೂದ ಆಗಿನ್ನೂ ಅಲ್ಲೇ ಇದ್ದ. ಅವನು ಎದ್ದು ಹೊರಟಿದ್ದು ಆಮೇಲೆ. ಅಂದರೆ ಇನ್ನು ಸ್ವಲ್ಪ ಹೊತ್ತಿಗೆ ಹಿಡಿದುಕೊಡುವವನ ಕಾಲೂ ಆ ನೀರಿನಲ್ಲೇ ತೊಳೆಯಲ್ಪಟ್ಟಿತು. ಯೇಸುವಿಗೆ ಅದು ಗೊತ್ತಿತ್ತು ಎಂದೂ ಅದೇ ಅಧ್ಯಾಯ ಹೇಳುತ್ತದೆ. ಗುಡ್ ಫ್ರೈಡೆಯ ಹಿಂದಿನ ದಿನವಾದ ಪವಿತ್ರ ಗುರುವಾರ ಅನೇಕ ಚರ್ಚುಗಳಲ್ಲಿ ಹನ್ನೆರಡು ಜನರ ಕಾಲು ತೊಳೆಯುವ ಪದ್ಧತಿ ಇವತ್ತಿಗೂ ಇದೆ. ಅದನ್ನು ನೋಡುವಾಗ ಯೂದನ ಪಾಲಿನ ನೀರು ನೆನಪಾಗಬೇಕು.

ಮೊದಲ ಸಭೆಯ ಮೊದಲ ಜಗಳ ಊಟದ್ದು

ಸೇವೆ ಎಂದರೆ ಭಾವನೆ ಮಾತ್ರ ಅಲ್ಲ, ವ್ಯವಸ್ಥೆ ಎನ್ನುವುದನ್ನು ಅಪೊಸ್ತಲರ ಕೃತ್ಯಗಳು ಪುಸ್ತಕದ ಆರನೇ ಅಧ್ಯಾಯದಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳುವುದಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಯೆರೂಸಲೇಮಿನ ಸಭೆಯಲ್ಲಿ ವಿಧವೆಯರಿಗೆ ದಿನಾ ಊಟ ಹಂಚುತ್ತಿದ್ದರು. ಸಭೆಯಲ್ಲಿ ಎರಡು ಗುಂಪು. ಒಂದು ಊರಿನ ಭಾಷೆ ಮಾತನಾಡುವ ಸ್ಥಳೀಯರದು. ಇನ್ನೊಂದು ಗ್ರೀಕ್ ಮಾತನಾಡುವವರದು. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಿನ ವಿಧವೆಯರು ಬಿಟ್ಟುಹೋಗುತ್ತಿದ್ದಾರೆ ಎಂದು ಗುಣುಗುಟ್ಟುವಿಕೆ ಶುರುವಾಯಿತು. ಯಾರೂ ಬೇಕಂತ ಬಿಟ್ಟರು ಎಂದು ಅಲ್ಲಿ ಬರೆದಿಲ್ಲ. ಆದರೆ ಬಿಟ್ಟುಹೋಗಿದ್ದು ನಿಜ. ಹಂಚುವವರಿಗೆ ಪರಿಚಯ ಇದ್ದವರಿಗೆ ಸಿಕ್ಕಿತು, ಇಲ್ಲದವರಿಗೆ ತಪ್ಪಿತು ಎಂದು ನಾನು ಊಹಿಸುತ್ತೇನೆ. ಕನ್ನಡ, ತಮಿಳು, ತೆಲುಗು, ಕೊಂಕಣಿ, ಮಲಯಾಳ ಮಾತಿನ ಕುಟುಂಬಗಳು ಒಂದೇ ಬೆಂಚಿನಲ್ಲಿ ಕೂರುವ ನಮ್ಮ ಊರಿನ ಸಭೆಗಳಿಗೆ ಇದು ದೂರದ ಕಥೆ ಅಲ್ಲ.

ಸಭೆಯ ಮುಂದಾಳುಗಳಾದ ಹನ್ನೆರಡು ಮಂದಿ ಅಪೊಸ್ತಲರು ಏನು ಮಾಡಿದರು? ದೂರು ಹೇಳಿದವರನ್ನು ಗದರಿಸಲಿಲ್ಲ. ಪ್ರಾರ್ಥನೆ ಜಾಸ್ತಿ ಮಾಡಿ ಎಂದು ಕಳಿಸಲಿಲ್ಲ. ಇಡೀ ಸಭೆಯನ್ನು ಕರೆದು, ಒಳ್ಳೆಯ ಹೆಸರಿರುವ, ಪವಿತ್ರಾತ್ಮನಿಂದಲೂ ಜ್ಞಾನದಿಂದಲೂ ತುಂಬಿದ ಏಳು ಜನರನ್ನು ನೀವೇ ಆರಿಸಿ ಎಂದರು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರುಗಳು: ಸ್ತೆಫನ, ಫಿಲಿಪ್ಪ, ಅಂತಿಯೋಕ್ಯದ ನಿಕೊಲಾಯ ಮುಂತಾದವರು. ಅಂದರೆ ಯಾರು ಬಿಟ್ಟುಹೋಗಿದ್ದರೋ ಬಹುತೇಕ ಅವರ ಕಡೆಯವರ ಕೈಗೇ ಹಂಚುವ ಸೌಟು ಬಂತು. ಅಪೊಸ್ತಲರು ಪ್ರಾರ್ಥಿಸಿ, ಆ ಕೆಲಸಕ್ಕೆ ನೇಮಿಸಲು ಅವರ ಮೇಲೆ ಕೈಯಿಟ್ಟರು. ಊಟ ಹಂಚುವ ಕೆಲಸಕ್ಕೆ ಹಸ್ತಾರ್ಪಣೆ! ಅದನ್ನು ಸಭೆ ಅಷ್ಟು ದೊಡ್ಡ ಕೆಲಸ ಎಂದು ಎಣಿಸಿತ್ತು. ಮುಂದೆ ಸ್ತೆಫನ ನಂಬಿಕೆಗಾಗಿ ಪ್ರಾಣ ಕೊಟ್ಟು ಸಭೆಯ ಮೊದಲ ರಕ್ತಸಾಕ್ಷಿಯಾದ. ಫಿಲಿಪ್ಪ ಸಮಾರ್ಯಕ್ಕೆ ಸುವಾರ್ತೆ ಒಯ್ದ. ವಾಕ್ಯ ಬೇರೆ, ಊಟ ಬೇರೆ ಎಂದು ಗೆರೆ ಎಳೆಯುವವರು ಈ ಇಬ್ಬರ ಹೆಸರನ್ನು ಯಾವ ಕಡೆ ಬರೆಯುತ್ತಾರೆ?

ಇದೇ ವಾದ ನಮ್ಮ ಕಾಲದಲ್ಲೂ ನಡೆದಿದೆ. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸೇರಿದ ಸುವಾರ್ತಾ (ಇವ್ಯಾಂಜೆಲಿಕಲ್) ಸಭೆಗಳ ನಾಯಕರು ತಮ್ಮ ಒಡಂಬಡಿಕೆಯಲ್ಲಿ, ಸುವಾರ್ತೆ ಸಾರುವುದನ್ನೂ ಸಮಾಜದ ಕಾಳಜಿಯನ್ನೂ ಒಂದಕ್ಕೊಂದು ವಿರುದ್ಧ ಎಂದು ಕೆಲವು ಸಲ ನೋಡಿದ್ದಕ್ಕೆ ಪಶ್ಚಾತ್ತಾಪ ಪಡುತ್ತೇವೆ ಎಂದು ಬರೆದರು. ಎರಡೂ ಕ್ರೈಸ್ತರ ಕರ್ತವ್ಯ ಎಂದರು. ಕ್ಯಾಥೋಲಿಕ್ ಸಭೆಯಲ್ಲಿ 2005ರ ಕೊನೆಗೆ ಪೋಪ್ 16ನೇ ಬೆನೆಡಿಕ್ಟ್ ಇಡೀ ಸಭೆಗೆ ಬರೆದ ತಮ್ಮ ಮೊದಲ ವಿಶ್ವಪತ್ರದಲ್ಲಿ ದೇವರ ವಾಕ್ಯ ಸಾರುವುದು, ಸಂಸ್ಕಾರಗಳನ್ನು ನಡೆಸುವುದು, ಪ್ರೀತಿಯ ಸೇವೆ ಈ ಮೂರೂ ಸಭೆಯ ಸ್ವಭಾವಕ್ಕೇ ಸೇರಿದವು, ಒಂದನ್ನು ಇನ್ನೊಂದರಿಂದ ಬಿಡಿಸಲಾಗದು ಎಂದರು. ಬೇರೆ ಬೇರೆ ಕಡೆಯಿಂದ ಹೊರಟವರು ಒಂದೇ ಜಾಗಕ್ಕೆ ಬಂದು ನಿಂತಿದ್ದಾರೆ.

ವಿರೋಧಿಯೇ ಹೇಳಿದ ಸಾಕ್ಷಿ

"ಮೊದಲು ನಮ್ಮವರು" ಎನ್ನುವ ಮಾತಿಗೆ ಹಳೆಯ ಸಭೆ ಏನು ಮಾಡಿತು ಎನ್ನುವುದೇ ಉತ್ತರ. ಸುಮಾರು 155ರಲ್ಲಿ ಜಸ್ಟಿನ್ ಎಂಬ ವಿದ್ವಾಂಸ ರೋಮ್ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಭಾನುವಾರದ ಆರಾಧನೆಯ ವಿವರ ಇದೆ. ಓದುವಿಕೆ, ಪ್ರಸಂಗ, ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ. ಆಮೇಲೆ ಕಾಣಿಕೆ. ಆ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಊರಿಗೆ ಬಂದ ಪರದೇಶಿಗಳಿಗೆ ಹೋಗುತ್ತಿತ್ತು. ನೂರು ವರ್ಷದ ನಂತರ, 251ರ ಹೊತ್ತಿಗೆ, ರೋಮ್ ನಗರದ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿದ್ದವರನ್ನೂ ಸಾಕುತ್ತಿದೆ ಎಂದು ಅಲ್ಲಿನ ಬಿಷಪ್ ಕೊರ್ನೇಲಿಯಸ್ ಪತ್ರದಲ್ಲಿ ತಿಳಿಸಿದ್ದರು. ಆ ಸಭೆಗೆ ಆಗ ಕಾನೂನಿನ ರಕ್ಷಣೆಯೂ ಇರಲಿಲ್ಲ.

ಇನ್ನೂ ಗಟ್ಟಿಯಾದ ಸಾಕ್ಷಿ ಬರುವುದು ವಿರೋಧಿಯಿಂದ. ಚಕ್ರವರ್ತಿ ಜೂಲಿಯನ್ ಕ್ರೈಸ್ತ ಮತವನ್ನು ಬಿಟ್ಟು ಹಳೆಯ ರೋಮ್ ದೇವತೆಗಳ ಪೂಜೆಯನ್ನು ಮತ್ತೆ ತರಲು ಹೊರಟವನು. 362ರ ಸುಮಾರಿಗೆ ಅವನು ತನ್ನ ಒಬ್ಬ ಪುರೋಹಿತನಿಗೆ ಬರೆದ ಪತ್ರದಲ್ಲಿ ಬೇಸರ ತೋಡಿಕೊಳ್ಳುತ್ತಾನೆ. ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆದದ್ದು ಹೀಗೆ) ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮ್ಮವರಿಗೆ ನಮ್ಮಿಂದ ಸಹಾಯ ಇಲ್ಲದಿರುವುದು ನಾಚಿಕೆಗೇಡು ಎನ್ನುವುದು ಅವನ ಮಾತಿನ ಸಾರ. ಕೆಲವೇ ವರ್ಷಗಳಲ್ಲಿ, ಇವತ್ತಿನ ಟರ್ಕಿಯಲ್ಲಿರುವ ಕೈಸರೈಯದಲ್ಲಿ ಬಿಷಪ್ ಬೆಸಿಲ್ ಊರ ಹೊರಗೆ ರೋಗಿಗಳು, ಕುಷ್ಠರೋಗಿಗಳು, ದಾರಿಹೋಕರಿಗಾಗಿ ದೊಡ್ಡ ಆಶ್ರಯ ಕಟ್ಟಿಸಿದರು. ಅದಕ್ಕೆ ಮೊದಲು ಬಂದಿದ್ದ ಭೀಕರ ಬರದಲ್ಲಿ ಅವರೇ ಗಂಜಿ ಕೇಂದ್ರ ನಡೆಸಿದ್ದರು.

ಕರ್ನಾಟಕದ ಕಥೆ ಇದರ ಮುಂದುವರಿಕೆ. ಮಿಷನ್‌ಗಳು ಶಾಲೆ, ಆಸ್ಪತ್ರೆ, ಅಚ್ಚುಕೂಟ ತಂದದ್ದು ಗೊತ್ತಿರುವ ಸಂಗತಿ. ಮೈಸೂರಿನ ಮಿಷನ್ ಆಸ್ಪತ್ರೆಗೆ ನೂರು ವರ್ಷ ದಾಟಿದೆ. ದಾವಣಗೆರೆ, ಚಿತ್ರದುರ್ಗ ಈ ನಮ್ಮ ಎರಡು ಜಿಲ್ಲೆಗಳು ಕ್ಯಾಥೋಲಿಕ್ ಆಡಳಿತದಲ್ಲಿ 1988ರಲ್ಲಿ ಹುಟ್ಟಿದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರುತ್ತವೆ. ಹರಿಹರದ ಆರೋಗ್ಯಮಾತೆ ಬಸಿಲಿಕಾಕ್ಕೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಹಾಗಾಗಿ ಊರಿನ ಜನ ಚರ್ಚಿನ ಬಾಗಿಲಿಗೆ ಬರುವುದು ಇಲ್ಲಿ ಹೊಸದಲ್ಲ. ಚರ್ಚು ಊರಿನ ಬಾಗಿಲಿಗೆ ಎಷ್ಟು ಹೋಗುತ್ತದೆ ಎನ್ನುವುದು ಈಗಿನ ಪ್ರಶ್ನೆ.

ಒಂದು ಮಾತು ನೇರವಾಗಿ ಹೇಳುತ್ತೇನೆ. ನೂರು ವರ್ಷದ ಹಿಂದೆ ಶಾಲೆ ತೆರೆಯುವುದೇ ದೊಡ್ಡ ಸೇವೆ. ಇವತ್ತು ದಾವಣಗೆರೆ ಕಾಲೇಜುಗಳ ಊರು. ಮಠಗಳು, ಟ್ರಸ್ಟುಗಳು, ಸರ್ಕಾರ ಎಲ್ಲರೂ ಶಿಕ್ಷಣದಲ್ಲಿದ್ದಾರೆ. ಡೊನೇಷನ್ ತಗೊಂಡು ನಡೆಯುವ ಇನ್ನೊಂದು ಇಂಗ್ಲಿಷ್ ಮೀಡಿಯಂ ಶಾಲೆ ಒಳ್ಳೆಯ ಶಾಲೆ ಇರಬಹುದು, ಆದರೆ ಅದನ್ನೇ ಸಭೆಯ ಸೇವೆ ಎಂದು ವರದಿಯಲ್ಲಿ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಆ ಫೀಸು ಕಟ್ಟಲಾಗದ ಮನೆಯ ಮಗು ಗೇಟಿನ ಹೊರಗೇ ಉಳಿಯುತ್ತದೆ.

ಈ ಸೀಮೆಗೆ ಸೇವೆ ಹೊಸದಲ್ಲ

ಚಿತ್ರದುರ್ಗ ಸೀಮೆಗೆ ಸೇವೆಯ ಪಾಠ ಹೇಳಲು ಚರ್ಚು ಬರಬೇಕಾಗಿಲ್ಲ. ಇಲ್ಲಿ ದಾಸೋಹ ನೂರಾರು ವರ್ಷದ್ದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ಚಳ್ಳಕೆರೆ ಕಡೆ ಮಕ್ಕಳ ಬಾಯಲ್ಲೂ ಇದೆ. ಅವರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರು, ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಕೊಟ್ಟರು ಎಂದು ಹಿರಿಯರು ಹೇಳುತ್ತಾರೆ. ಬರದ ನಾಡಿಗೆ ಬೇಕಾಗಿದ್ದು ನೀರು. ಜನಕ್ಕೆ ಬೇಕಾಗಿದ್ದು ಕೆಲಸ, ಮರ್ಯಾದೆ. ಮೂರೂ ಒಂದೇ ಕೆರೆಯಲ್ಲಿ ಸಿಕ್ಕಿತು.

ಬೈಬಲ್ಲಿನಲ್ಲೂ ಇಂಥದ್ದೇ ಒಂದು ಕಟ್ಟಳೆ ಇದೆ. ಕೊಯ್ಲು ಮಾಡುವಾಗ ಹೊಲದ ಅಂಚಿನ ತನಕ ಪೂರ್ತಿ ಕೊಯ್ಯಬೇಡ, ಬಿದ್ದ ತೆನೆ ಎತ್ತಿಕೊಳ್ಳಬೇಡ, ಅದು ಬಡವರಿಗೆ ಮತ್ತು ಪರದೇಶಿಗೆ ಎಂದು ಯಾಜಕಕಾಂಡ ಹೇಳುತ್ತದೆ. ಮೋವಾಬಿನಿಂದ ಬಂದ ವಿಧವೆ ರೂತಳು ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲು ಆಯ್ದದ್ದು ಈ ಕಟ್ಟಳೆಯಿಂದಲೇ. ಶೇಂಗಾ ಕಿತ್ತ ಹೊಲದಲ್ಲಿ ಹಕ್ಕಲು ಆಯುವುದನ್ನು ಕಂಡಿರುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲದವನು ಚೀಲ ಹೊತ್ತು ತಂದು ರೂತಳ ಮುಂದೆ ಇಡಲಿಲ್ಲ. ಅವಳು ಬಗ್ಗಿ ಆಯ್ದು, ಬಡಿದು, ಅತ್ತೆಗೆ ಒಯ್ದಳು. ಅದು ಅವಳ ಹಕ್ಕು, ಅವಳ ದುಡಿಮೆ. ಕೊಟ್ಟವನ ಮುಂದೆ ಕೈಮುಗಿದು ನಿಲ್ಲುವ ಅಗತ್ಯ ಇರಲಿಲ್ಲ. ಸಭೆ ಸೇವೆಯ ಯೋಜನೆ ಮಾಡುವಾಗ ಈ ಹೊಲವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ತಪ್ಪು ತಪ್ಪುತ್ತದೆ.

ಈಗಿನ ವಿಧವೆಯರ ಪಟ್ಟಿ

ಈಗ ಕೇಳುವುದರ ಬಗ್ಗೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯನ್ನೇ ತಗೊಳ್ಳಿ. ಭತ್ತ ನೆನೆಸಿ, ಹುರಿದು, ಹೊಟ್ಟು ತೆಗೆದು, ಉಪ್ಪು ಬೆರೆಸಿ, ಕಾದ ಮರಳಿನಲ್ಲಿ ಅರಳಿಸುವ ಕೆಲಸ. ಒಲೆಯ ಝಳ, ಹೊಗೆ, ಕಣ್ಣಿಗೆ ಬೀಳುವ ಬೂದಿ. ಮನೆಮಂದಿಯೆಲ್ಲ ಸೇರಿ ದುಡಿದರೆ ದಿನ ತಳ್ಳಬಹುದು. ಅಲ್ಲಿ ದುಡಿಯುವವರಲ್ಲಿ ಮುಸ್ಲಿಮರು ಹೆಚ್ಚು. ಸಭೆಯವರು ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹಿಡಿದು ಹೋದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಅಕ್ಕಿ ರೇಷನ್ ಅಂಗಡಿಯಿಂದ ಬರುತ್ತಿದೆ. "ಅಕ್ಕಾ, ನಿಮಗೆ ಈಗ ತುಂಬಾ ತೊಂದರೆ ಆಗಿರೋದು ಯಾವುದು?" ಎಂದು ಕೇಳಿ ಸ್ವಲ್ಪ ಹೊತ್ತು ಕೂತರೆ ಬೇರೆ ಮಾತು ಬರುತ್ತದೆ.

ಅನೇಕ ಸಲ ಆ ಮಾತಿನ ಜೊತೆ ಒಂದು ಪ್ಲಾಸ್ಟಿಕ್ ಕವರ್ ಹೊರಗೆ ಬರುತ್ತದೆ. ಒಳಗೆ ಆಧಾರ್ ಕಾರ್ಡು, ಅಂಚು ಹರಿದ ಬ್ಯಾಂಕ್ ಪಾಸ್‌ಬುಕ್, ಗಂಡನ ಮರಣ ಪ್ರಮಾಣಪತ್ರದ ಜೆರಾಕ್ಸ್, ಯಾವುದೋ ಅರ್ಜಿಯ ಸ್ವೀಕೃತಿ ಚೀಟಿ. ಆಧಾರ್‌ನಲ್ಲಿ ಹೆಸರು ಒಂದು ತರ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ತರ. ವಿಧವಾ ವೇತನ ಕೆಲವು ತಿಂಗಳಿಂದ ಬಂದಿಲ್ಲ. ಯಾಕೆ ನಿಂತಿತು ಅಂತ ಗೊತ್ತಿಲ್ಲ. ಕೇಳೋಣ ಅಂದರೆ ಒಂದು ದಿನದ ಕೂಲಿ ಹೋಗುತ್ತದೆ, ಹೋದರೆ ಇನ್ನೊಂದು ಕಾಗದ ತನ್ನಿ ಅನ್ನುತ್ತಾರೆ. ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿಯೂ ಹೀಗೇ ಖಾತೆಗೆ ಆಧಾರ್ ಜೋಡಣೆ ಆಗದೆ ನಿಂತಿರಬಹುದು. ಮನೆಯಲ್ಲಿ ಯಾರಿಗೋ ಆಪರೇಷನ್ ಆಗಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ ಎಂಬುದು ಆ ಮನೆಗೆ ತಲುಪಿರುವುದಿಲ್ಲ.

ಇವರು ಯಾರು? ದಿನದ ಹಂಚಿಕೆಯಲ್ಲಿ ಬಿಟ್ಟುಹೋದ ವಿಧವೆಯರು. ಯೆರೂಸಲೇಮಿನಲ್ಲಿ ಹಂಚುವವರೇ ಸಭೆಯವರು. ಇಲ್ಲಿ ಹಂಚುವುದು ಸರ್ಕಾರ. ಪಟ್ಟಿಯಿಂದ ಬಿಟ್ಟುಹೋಗುವುದು ಮಾತ್ರ ಹಾಗೇ ಇದೆ. ಸ್ಮಾರ್ಟ್‌ಫೋನ್ ಹಿಡಿದ ಇಬ್ಬರು ಯುವಕ ಯುವತಿಯರು ಆ ಅಕ್ಕನ ಜೊತೆ ಬ್ಯಾಂಕಿಗೂ ನಾಡಕಚೇರಿಗೂ ಹೋಗಿ ಬಂದರೆ, ಯುವಜನ ಕೂಟ ಒಂದು ವರ್ಷ ಹಾಡಿದ ಹಾಡುಗಳಿಗೂ ಅರ್ಥ ಬರುತ್ತದೆ ಎಂದು ನಾನು ನಂಬುತ್ತೇನೆ. ಇದಕ್ಕೆ ದೊಡ್ಡ ಫಂಡ್ ಬೇಡ. ಆಟೋ ಚಾರ್ಜು, ಜೆರಾಕ್ಸ್ ಖರ್ಚು, ತಾಳ್ಮೆ ಸಾಕು. ತಾಳ್ಮೆ ತುಂಬಾ ಬೇಕು.

ಕೇಳಿದಾಗ ಕಷ್ಟದ ಉತ್ತರಗಳೂ ಬರುತ್ತವೆ. ಶಾಲೆಗೆ ಹೋಗಬೇಕಾದ ಮಗು ಕೆಲಸದಲ್ಲಿ ಇರುತ್ತದೆ. ಶಾಲೆಯ ಹೊತ್ತಿನ ಆಚೆ ಮನೆಯವರ ಅಪಾಯವಿಲ್ಲದ ಕೆಲಸಕ್ಕೆ ನೆರವಾಗುವಂಥ ಕೆಲವು ವಿನಾಯಿತಿ ಬಿಟ್ಟರೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ ಎಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098. ಆದರೆ ಬರೀ ಫೋನ್ ಮಾಡಿ ಕೈ ತೊಳೆದುಕೊಂಡರೆ ಆ ಮನೆಯ ಆದಾಯ ಹೋಗುತ್ತದೆ, ಮಗು ಇನ್ನೊಂದು ಕಡೆ ಕೆಲಸಕ್ಕೆ ಸೇರುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು, ತಾಯಿಗೆ ಬೇರೆ ದುಡಿಮೆ ಹುಡುಕುವುದು, ಸಂಜೆ ಪಾಠಕ್ಕೆ ಜಾಗ ಕೊಡುವುದು ಇವೆಲ್ಲ ಒಟ್ಟಿಗೆ ಆಗಬೇಕು. ಚರ್ಚಿನ ಹಾಲ್ ವಾರದಲ್ಲಿ ಆರು ದಿನ ಬೀಗ ಹಾಕಿಕೊಂಡೇ ಇರುತ್ತದೆ ಅಲ್ವಾ?

ಮನೆಗೇ ಹೋಗಿ ನೋಡುವ ಈ ಪದ್ಧತಿ ಹಳೆಯದು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಾಂ ಎಂಬ 20ರ ವಿದ್ಯಾರ್ಥಿ ಗೆಳೆಯರ ಜೊತೆ ಶುರುಮಾಡಿದ ವಿನ್ಸೆಂಟ್ ದ ಪೌಲ್ ಸಭೆ ಇವತ್ತು ನಾನಾ ದೇಶಗಳ ಧರ್ಮಕೇಂದ್ರಗಳಲ್ಲಿದೆ. ಬಡವರನ್ನು ಸಾಲಲ್ಲಿ ನಿಲ್ಲಿಸುವ ಬದಲು ಅವರ ಮನೆ ಬಾಗಿಲಿಗೆ ತಾವೇ ಹೋಗುವುದು ಅದರ ಮೂಲ ಕೆಲಸ.

ಇನ್ನೊಂದು ಜಾಗ ಜಿಲ್ಲಾ ಆಸ್ಪತ್ರೆ. ಜಗಳೂರು, ಹರಪನಹಳ್ಳಿ, ಮೊಳಕಾಲ್ಮುರು ಕಡೆಯಿಂದ ರೋಗಿಯ ಜೊತೆ ಬಂದವರು ಹೊರಗೆ ಚಾಪೆ ಹಾಸಿಕೊಂಡು ದಿನಗಟ್ಟಲೆ ಕಾಯುತ್ತಾರೆ. ಒಳಗಿರುವವರಿಗೆ ಊಟ, ಔಷಧ ಇದೆ. ಹೊರಗಿರುವವರ ಬಗ್ಗೆ ಯೋಚಿಸುವವರು ಕಡಿಮೆ. ಅವರನ್ನು ಕೇಳಿದರೂ ಮೊದಲು ಬರುವ ಉತ್ತರ ಊಟ ಆಗಿರಲಿಕ್ಕಿಲ್ಲ. ಸ್ನಾನಕ್ಕೆ ಜಾಗ, ಫೋನ್ ಚಾರ್ಜು, ಡಾಕ್ಟರ್ ಬರೆದದ್ದನ್ನು ಓದಿ ಹೇಳುವವರು, ರಕ್ತ ಕೊಡುವವರು ಹೀಗೆ.

"ಏನೋ ಉದ್ದೇಶ ಇರುತ್ತೆ"

ಈಗ ಆ ಅನುಮಾನಕ್ಕೆ ಬರೋಣ. ಸೇವೆಯ ಹೆಸರಲ್ಲಿ ಮತಾಂತರ ಮಾಡುತ್ತಾರೆ ಎಂಬ ಮಾತು ಇದೆ. ಇದನ್ನು ಕೇಳಿ ಕ್ರೈಸ್ತರಿಗೆ ನೋವಾಗುತ್ತದೆ. ಆದರೆ ನೋವು ಉತ್ತರ ಅಲ್ಲ.

ಉತ್ತರ ಕ್ರೈಸ್ತ ಬೋಧನೆಯಲ್ಲೇ ಇದೆ. ಮೇಲೆ ಹೇಳಿದ 2005ರ ವಿಶ್ವಪತ್ರ, ಪ್ರೀತಿ ಉಚಿತ, ಅದನ್ನು ಬೇರೆ ಗುರಿ ಮುಟ್ಟುವ ಸಾಧನವಾಗಿ ಮಾಡಬಾರದು ಎಂದು ಬಿಡಿಸಿ ಹೇಳುತ್ತದೆ. ಸಭೆಯ ಹೆಸರಲ್ಲಿ ಸೇವೆ ಮಾಡುವವರು ತಮ್ಮ ನಂಬಿಕೆಯನ್ನು ಬೇರೆಯವರ ಮೇಲೆ ಹೇರಬಾರದು ಎಂದೂ ಹೇಳುತ್ತದೆ. ಅದಕ್ಕಿಂತ ಹಳೆಯ ಆಧಾರ ಲೂಕನ 17ನೇ ಅಧ್ಯಾಯ. ಯೇಸು ಹತ್ತು ಕುಷ್ಠರೋಗಿಗಳನ್ನು ವಾಸಿಮಾಡಿದರು. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದರು, ನಿಜ. ಆದರೆ ಆ ಒಂಬತ್ತು ಜನರ ರೋಗ ವಾಪಸ್ ಬರಲಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ತಗೊಳ್ಳಲಿಲ್ಲ.

ಆದ್ದರಿಂದ ಸಭೆಗೆ ಒಂದು ಸರಳ ಪರೀಕ್ಷೆ ಇದೆ. ಈ ಮನೆಯವರು ಎಂದಿಗೂ ಚರ್ಚಿಗೆ ಬರುವುದಿಲ್ಲ ಎಂದು ಖಾತ್ರಿಯಾದರೂ ಈ ಕೆಲಸ ಮುಂದುವರಿಸುತ್ತೀರಾ? ಹೌದು ಎಂದರೆ ಅದು ಸೇವೆ. ಇಲ್ಲ ಎಂದರೆ ಅದು ವ್ಯಾಪಾರ. ಆರಾಧನೆಗೆ ಬಂದವರಿಗೆ ಮಾತ್ರ ಕಿಟ್, ಪ್ರಾರ್ಥನೆ ಮುಗಿದ ಮೇಲೆ ಟೋಕನ್ ಎನ್ನುವ ಪದ್ಧತಿ ಎಲ್ಲಾದರೂ ಇದ್ದರೆ ಅದನ್ನು ನಿಲ್ಲಿಸಬೇಕು. ಕಾನೂನಿನ ಭಯಕ್ಕಲ್ಲ, ಯೇಸುವಿನ ರೀತಿ ಅದಲ್ಲ ಎಂಬ ಕಾರಣಕ್ಕೆ.

ಹಾಗಂತ ಹೆಸರು ಮುಚ್ಚಿಡುವುದೂ ಬೇಡ. "ನೀವು ಯಾಕೆ ಇದನ್ನೆಲ್ಲ ಮಾಡ್ತೀರಿ?" ಎಂದು ಯಾರಾದರೂ ಕೇಳಿದರೆ ನಾವು ಯೇಸುವನ್ನು ನಂಬುವವರು, ಅವರು ಹೇಳಿದ್ದಾರೆ, ಅದಕ್ಕೆ ಎಂದು ನೆಟ್ಟಗೆ ಹೇಳಬಹುದು. ತನ್ನ ನಂಬಿಕೆಯನ್ನು ಹೇಳಿಕೊಳ್ಳುವ ಸ್ವಾತಂತ್ರ್ಯ ಸಂವಿಧಾನದ 25ನೇ ವಿಧಿಯಲ್ಲಿದೆ. ಕೇಳದವರ ಕಿವಿಗೆ ಕಷ್ಟದ ಹೊತ್ತಲ್ಲಿ ತುಂಬುವುದು ಬೇರೆ, ಕೇಳಿದವರಿಗೆ ಹೇಳುವುದು ಬೇರೆ.

ಫೋಟೋದ ವಿಷಯವೂ ಇಲ್ಲೇ ಬರುತ್ತದೆ. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಎಂದವರ ಶಿಷ್ಯರು ನಾವು. ಕಂಬಳಿ ಹಂಚುವಾಗ ಮುದುಕಿಯ ಕೈಯನ್ನೂ ಕಂಬಳಿಯನ್ನೂ ನಾಲ್ಕು ಜನ ಹಿಡಿದು ಕ್ಯಾಮೆರಾ ನೋಡುವ ಚಿತ್ರ ವಾಟ್ಸಾಪಿನಲ್ಲಿ ಬರುವಾಗ ಆ ಅಜ್ಜಿಯ ಮುಖ ನೋಡಿ. ಆ ಫೋಟೋ ಅವಳ ಮೊಮ್ಮಕ್ಕಳೂ ನೋಡುತ್ತಾರೆ. ಫೋಟೋ ಅವಳು ಕೊಟ್ಟ ಬೆಲೆ. ಅದನ್ನು ಅವಳಿಂದ ವಸೂಲಿ ಮಾಡಬಾರದು.

ದುಡ್ಡು, ಲೆಕ್ಕ, ಜೊತೆಗಾರರು

ಲೆಕ್ಕ ಮಾತ್ರ ಎಲ್ಲರಿಗೂ ಕಾಣಬೇಕು. ಯೆರೂಸಲೇಮಿನ ಬಡವರಿಗೆ ಅಪೊಸ್ತಲ ಪೌಲನು ಹಣ ಕೂಡಿಸಿದಾಗ ತಾನೊಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಎರಡನೇ ಕೊರಿಂಥ ಪತ್ರದ ಎಂಟನೇ ಅಧ್ಯಾಯದಲ್ಲಿ ಬರೆದ. ನಮ್ಮ ಚರ್ಚುಗಳಲ್ಲಿ ಸುಗ್ಗಿ ಹಬ್ಬದ ದಿನ ಕಾಣಿಕೆಯಾಗಿ ಬಂದದ್ದನ್ನು ಹರಾಜು ಹಾಕುವುದು ಇದಕ್ಕೆ ಒಳ್ಳೆಯ ಅವಕಾಶ. ಮೆಕ್ಕೆಜೋಳ, ಕುಂಬಳಕಾಯಿ, ತೆಂಗಿನಕಾಯಿ, ನಾಟಿಕೋಳಿ ಎಲ್ಲ ಬರುತ್ತದೆ. ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿ ಇರುವುದನ್ನು ಜನ ಸಂತೋಷದಿಂದ ನೂರಾರು ರೂಪಾಯಿಗೆ ಕೂಗುತ್ತಾರೆ. ಆ ಹಣದಲ್ಲಿ ಇಂತಿಷ್ಟು ಭಾಗ ಸಭೆಯ ಹೊರಗಿನವರಿಗೆ ಎಂದು ಹರಾಜಿಗೆ ಮೊದಲೇ ಘೋಷಿಸಿ, ಖರ್ಚಾದ ಮೇಲೆ ಭಾನುವಾರ ಓದಿ ಹೇಳಿದರೆ ಸಾಕು. ಸಹಾಯ ಪಡೆದವರ ಹೆಸರು ಓದುವುದು ಬೇಡ. ಎಷ್ಟು ಮನೆ, ಎಷ್ಟು ರೂಪಾಯಿ, ಯಾವ ಕೆಲಸ ಅಷ್ಟು ಹೇಳಿ.

ಈ ಎರಡು ಜಿಲ್ಲೆಗಳಲ್ಲಿ ಕ್ರೈಸ್ತರ ಸಂಖ್ಯೆ ತೀರಾ ಕಡಿಮೆ. ಒಂಟಿಯಾಗಿ ಎಲ್ಲ ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದಲ್ಲಿ, ನೀವಿರುವ ಊರಿನ ಕ್ಷೇಮಕ್ಕಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ ಎಂದಿದೆ. ಆ ಊರು ಅವರ ದೇವರನ್ನು ಪೂಜಿಸುವ ಊರಾಗಿರಲಿಲ್ಲ. ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಅಂತ ಗೊತ್ತಿರುತ್ತದೆ. ಮಠದವರ ಹತ್ತಿರ ಊಟ, ವಸತಿಯ ವ್ಯವಸ್ಥೆ ಇದೆ. ಮಸೀದಿ ಕಮಿಟಿಗೆ ಭಟ್ಟಿ ಓಣಿಯ ಪ್ರತಿ ಮನೆಯ ಪರಿಚಯ ಇದೆ. ಅವರ ಜೊತೆ ಕೂತು, ನೀವು ಮಾಡದೆ ಬಿಟ್ಟದ್ದು ಯಾವುದು, ಅದನ್ನು ನಾವು ಮಾಡುತ್ತೇವೆ ಎಂದು ಕೇಳಿದರೆ ಒಂದೇ ಮನೆಗೆ ಮೂರು ಕಿಟ್, ಪಕ್ಕದ ಮನೆಗೆ ಏನೂ ಇಲ್ಲ ಎನ್ನುವ ಪರಿಸ್ಥಿತಿ ತಪ್ಪುತ್ತದೆ.

ಸಭೆಯ ಒಳಗೆ ಕೆಲಸ ಹಂಚುವಾಗಲೂ ಆ ಏಳು ಜನರ ಕಥೆ ನೆನಪಿರಲಿ. ಎಷ್ಟೋ ಕಡೆ ಅಡುಗೆ, ಪ್ಯಾಕಿಂಗ್, ರೋಗಿಗಳ ಭೇಟಿ ಎಲ್ಲ ಸ್ತ್ರೀಯರ ಕೂಟದ ಮೇಲೆ ಬೀಳುತ್ತದೆ. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು ಎಂದು ತೀರ್ಮಾನಿಸುವುದು ಗಂಡಸರೇ ಇರುವ ಕಮಿಟಿ. ರೋಮಾಪುರ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲನು ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಹೆಸರಿಡಿದು ಹೊಗಳುತ್ತಾನೆ, ಅವಳಿಗೆ ಬೇಕಾದ ಸಹಾಯ ಮಾಡಿ ಎಂದು ಸಭೆಗೆ ಹೇಳುತ್ತಾನೆ. ಮನೆಮನೆಗೆ ಹೋಗಿ ಬಂದ ಹೆಂಗಸರು ತೀರ್ಮಾನದ ಮೇಜಿನಲ್ಲೂ ಕೂರಬೇಕು. ಸಹಾಯ ಪಡೆದವರಲ್ಲಿ ಒಬ್ಬಿಬ್ಬರೂ, ಅವರು ಯಾವ ಧರ್ಮದವರೇ ಆಗಿರಲಿ, ಆ ಮೇಜಿಗೆ ಬರಬೇಕು.

ಮೊದಲ ಬಾರಿಗೆ ಶುರುಮಾಡುವ ಸಭೆಗೆ ನಾನು ಹೇಳುವುದು ಒಂದು ಓಣಿ, ಒಂದು ವರ್ಷ. ಚರ್ಚಿಗೆ ನಡೆದು ಹೋಗುವಷ್ಟು ಹತ್ತಿರದ ಓಣಿ ಇರಲಿ. ಮೊದಲ ಎರಡು ತಿಂಗಳು ಏನನ್ನೂ ಹಂಚಬೇಡಿ. ಮನೆಮನೆಗೆ ಇಬ್ಬಿಬ್ಬರಾಗಿ ಹೋಗಿ, ಕೂತು, ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮೂರನೇ ತಿಂಗಳು ಆ ನೋಟ್‌ಬುಕ್ಕಿನಲ್ಲಿ ಹೆಚ್ಚು ಸಲ ಬಂದಿರುವ ಒಂದೇ ತೊಂದರೆಯನ್ನು ಕೈಗೆತ್ತಿಕೊಳ್ಳಿ. ಅದು ಪಿಂಚಣಿ ಇರಬಹುದು, ಕುಡಿಯುವ ನೀರು ಇರಬಹುದು, ಕುಡಿತ ಇರಬಹುದು, ಸಂಜೆ ಹೊತ್ತು ಮಕ್ಕಳನ್ನು ನೋಡಿಕೊಳ್ಳುವವರು ಇಲ್ಲದಿರುವುದು ಇರಬಹುದು. ವರ್ಷದ ಕೊನೆಗೆ ಆ ಓಣಿಯವರನ್ನೇ ಕರೆದು, ಇದರಿಂದ ಉಪಯೋಗ ಆಯಿತಾ, ಮುಂದೆ ಏನು ಮಾಡಬೇಕು ಎಂದು ಕೇಳಿ, ಅವರು ಹೇಳಿದ್ದನ್ನು ಮುಂದಿನ ಕಮಿಟಿ ಮೀಟಿಂಗಿನ ಮೊದಲ ವಿಷಯವಾಗಿ ಬರೆದುಕೊಳ್ಳಿ.